ಬಿಳಿ ಡಬ್ಬಕ್ಕೆ ಒದ್ದೆ ಗೋಣಿ

ರತ್ನಗಿರಿಯ ಅನ್ನದಾನಮ್ಮನ ಎಡಗೆನ್ನೆಯಂಥ ಎಡಗೆನ್ನೆ ಮಡಕಶಿರ ಸೀಮೆಯಲ್ಲಿ ಇನ್ನೊಂದಿಲ್ಲ. ಬಲಗೆನ್ನೆ ಸಾಮಾನ್ಯದ್ದು, ಎಲೆಯಡಿಕೆ ತುಂಬಿಕೊಳ್ಳುವುದಕ್ಕೆ ಅಂತ ದೇವರು ಎಲ್ಲರಿಗೂ ಕೊಟ್ಟಂಥದ್ದು. ಎಡಗೆನ್ನೆ ಹಾಗಲ್ಲ. ಹುಳದ ಮನೆಯ ಬಾಗಿಲ ಸಂದಿಗೆ ಅದನ್ನು ಒಡ್ಡಿ, ಕಣ್ಣು ಮುಚ್ಚಿ, ಎರಡು ಉಸಿರು ಎಳೆದಳೆಂದರೆ ಒಳಗಿನ ಬಿಸಿ ಇಪ್ಪತ್ತಾರೋ ಇಪ್ಪತ್ತಾರೂವರೆಯೋ ಹೇಳಿಬಿಡುತ್ತಿದ್ದಳು. ಗೋಡೆಯ ಮೇಲಿನ ಥರ್ಮಾಮೀಟರು ಅವಳ ಮಾತು ಮುಗಿಯುವ ತನಕ ಕಾದಿದ್ದು, ಆಮೇಲೆ ಆ ಗೆರೆಗೆ ಏರುತ್ತಿತ್ತು. ಒಂದೇ ಒಂದು ಸಲ ಅದು ಇಪ್ಪತ್ತೆಂಟು ಅಂತ ಹಟ ಹಿಡಿದಾಗ ಅನ್ನದಾನಮ್ಮ ಇಪ್ಪತ್ತೇಳು ಅಂದಳು. ಮಾರನೇ ದಿನ ನೋಡಿದರೆ ಥರ್ಮಾಮೀಟರಿನ ಬುರುಡೆ ಸೀಳಿ ಪಾದರಸ ನೆಲದ ಮೇಲಿತ್ತು. ನಾಚಿಕೆಗೆ ತಾನೇ ಒಡೆದುಕೊಂಡಿತು ಅಂತ ಊರವರು ಇವತ್ತಿಗೂ ಹೇಳುತ್ತಾರೆ.

"ಮೂವತ್ತೊಂದು ವರ್ಷ ಕಣಪ್ಪ," ಅನ್ನುತ್ತಿದ್ದಳು ಅವಳು, ಕೇಳಿದವರಿಗೂ ಕೇಳದವರಿಗೂ. "ಮೂವತ್ತೊಂದು ವರ್ಷದಾಗೆ ನನ್ ಮನೇಲಿ ಒಂದು ಹುಳ ಬಿಸಿಲಿಗೆ ಸತ್ತಿಲ್ಲ. ಸತ್ತಿದ್ರೆ ವಯಸ್ಸಾಗಿ ಸತ್ತಿರಬೇಕು."

ರೇಷ್ಮೆ ಹುಳದ ವಯಸ್ಸು ಒಟ್ಟು ತಿಂಗಳೊಪ್ಪತ್ತೂ ಇಲ್ಲ ಅನ್ನುವುದು ಗೊತ್ತಿದ್ದವರೂ ಆ ಮಾತಿಗೆ ತಲೆಯಾಡಿಸುತ್ತಿದ್ದರು. ತಲೆಯಾಡಿಸದೆ ಅವಳ ಅಂಗಳ ದಾಟುವುದು ಆಗದ ಮಾತು.

ಹುಳ ಸಾಕುವವರಿಗೆ ಸೂರ್ಯನಿಗಿಂತ ದೊಡ್ಡ ದಾಯಾದಿ ಇಲ್ಲ. ಇಪ್ಪತ್ತೈದರಿಂದ ಇಪ್ಪತ್ತೆಂಟರ ಒಳಗೆ ಬಿಸಿ ಇದ್ದರೆ ಹುಳ ಮಹಾರಾಜನ ಹಾಗೆ ಸೊಪ್ಪು ತಿನ್ನುತ್ತದೆ. ಮೂವತ್ತೈದು ದಾಟಿದರೆ ಮುಖ ತಿರುಗಿಸುತ್ತದೆ. ಅದರ ಮೇಲೆ ಹೋದರೆ ಹೇಳುವ ಹಾಗಿಲ್ಲ. ಇನ್ನು ನಮ್ಮ ಕಡೆಯ ಬಿಸಿಲೋ, ಕೇಳಲೇ ಬೇಡಿ. ಒಂದು ವರ್ಷ ರೊಳ್ಳದ ಹತ್ತಿರ ಕಡಲೆಕಾಯಿ ಗಿಡ ಕಿತ್ತರೆ ಕಾಯಿ ಹುರಿದುಕೊಂಡೇ ಮೇಲೆ ಬಂದವು, ಉಪ್ಪು ಒಂದು ಹಾಕಿಕೊಂಡರೆ ಸಾಕಿತ್ತು. ಇನ್ನೊಂದು ವರ್ಷ ಮಡಕಶಿರ ಬೆಟ್ಟದ ನೆರಳು ಮಧ್ಯಾಹ್ನ ಹನ್ನೆರಡಕ್ಕೆ ಬೆಟ್ಟ ಬಿಟ್ಟು ಬಸ್ ಸ್ಟಾಂಡಿನ ಒಳಗೆ ಬಂದು ಕೂತಿತ್ತು.

ಇಂಥ ಸೂರ್ಯನ ಕೆಳಗೆ ಅನ್ನದಾನಮ್ಮ ಹುಳದ ಮನೆಯೊಂದನ್ನು ಮೂವತ್ತೊಂದು ವರ್ಷ ಊಟಿ ಮಾಡಿ ಇಟ್ಟಿದ್ದಳು. ಸಿಮೆಂಟ್ ಶೀಟಿನ ಮೇಲೆ ಎರಡು ಕೋಟು ಸುಣ್ಣ. ಅದರ ಮೇಲೆ ತೆಂಗಿನ ಗರಿ. ಕಿಟಕಿ ಬಾಗಿಲಿಗೆಲ್ಲ ಗೋಣಿಚೀಲ, ಬೇಸಿಗೆಯಲ್ಲಿ ಗಂಟೆಗೊಂದು ಸಲ ಅದಕ್ಕೆ ನೀರು. ಗಂಡ ಪಂಚಾಕ್ಷರಯ್ಯ ಬದುಕಿರುವ ತನಕ ಗೋಣಿಗೆ ನೀರು ಹಾಕುವುದೇ ಆತನ ಸಂಸಾರಸುಖವಾಗಿತ್ತು. ಎಂಟು ವರ್ಷದ ಕೆಳಗೆ ಆತ ತೀರಿಕೊಂಡ ಮೇಲೆ ಆ ಚೊಂಬು ಮೂಕಪ್ಪನ ಕೈಗೆ ಬಂತು. ಮೂಕಪ್ಪ ಅದೇ ಊರಿನ ಕೂಲಿ ಆಳು, ಅವಳ ತೋಟದ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವವನು. ಹೆಸರಿಗೆ ಮೂಕಪ್ಪ ಅಷ್ಟೆ, ಮಾತಾಡುವುದರಲ್ಲಿ ಏನೂ ಕಡಿಮೆ ಇರಲಿಲ್ಲ. ಆದರೆ ಅನ್ನದಾನಮ್ಮ ಹೇಳಿದ ಮೇಲೆ ಎದುರಾಡುವವನಲ್ಲ.

ಅವಳ ಮನೆಗೆ ಕಟ್ಟಳೆಗಳೂ ಇದ್ದವು. ಹೊರಗಿನವರು ಸುಣ್ಣದ ಪುಡಿ ತುಳಿದೇ ಅಂಗಳಕ್ಕೆ ಬರಬೇಕು. ಹುಳ ಇರುವ ಇಪ್ಪತ್ತೈದು ದಿನ ಒಗ್ಗರಣೆ ಇಲ್ಲ, ಮೆಣಸಿನಕಾಯಿ ಹುರಿಯುವ ಹಾಗಿಲ್ಲ. ಹುಳ ಚೆನ್ನಾಗಿವೆ ಅಂತ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹುಳ ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ ತಲೆ ಎತ್ತಿ ಮಲಗುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿ, ಮತ್ತೊಂದು ವಾರ ಬಕಾಸುರನ ಹಾಗೆ ತಿಂದರೆ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಮಗಳು ಚಂದ್ರಕಲಾಳ ಮದುವೆಗೆ ಪುರೋಹಿತರು ಮುಹೂರ್ತ ಹೇಳಿದಾಗ ಅನ್ನದಾನಮ್ಮ, "ಅವತ್ತು ನಾಲ್ಕನೇ ಜ್ವರ, ಆಗಾಕಿಲ್ಲ" ಅಂದುಬಿಟ್ಟಿದ್ದಳು. ಗ್ರಹಗಳೆಲ್ಲ ಒಂಬತ್ತು ದಿನ ಮುಂದಕ್ಕೆ ಸರಿದು ಕೂತವು.

ಹೋದ ವರ್ಷ ಮಾರ್ಚ್‌ನಲ್ಲಿ ಈ ಮನೆಗೆ ಬಿಳಿ ಡಬ್ಬ ಬಂತು. ತಂದವಳು ಮೂಕಪ್ಪನ ಮಗಳು ಭವ್ಯಾ. ರೊಳ್ಳದ ಸ್ಕೂಲಿನಲ್ಲಿ ಓದಿ, ಅನಂತಪುರದಲ್ಲಿ ಎಂ.ಎಸ್ಸಿ. ಮುಗಿಸಿ, ಈಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಹವಾಮಾನದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಏನು ಮಾಡುತ್ತಾಳೆ ನಿನ್ನ ಮಗಳು ಅಂತ ಕೇಳಿದರೆ ಮೂಕಪ್ಪ, "ಗಾಳಿ, ಬಿಸಿಲು ಎಲ್ಲಾನೂ ಒಂದು ಪೆಟ್ಟಿಗೇಲಿ ಹಾಕಿ ಅಲ್ಲಾಡಿಸ್ತಾಳೆ" ಅನ್ನುತ್ತಿದ್ದ. ಅವಳ ಗುರುಗಳು ಕೂಡ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಡಬ್ಬ ಅಂದರೆ ಪೂರಾ ಡಬ್ಬವೂ ಅಲ್ಲ. ಇಡ್ಲಿ ತಟ್ಟೆಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಜೋಡಿಸಿ ಕಬ್ಬಿಣದ ಪೈಪಿನ ತುದಿಗೆ ಸಿಕ್ಕಿಸಿದ ಹಾಗಿತ್ತು. ಹುಳದ ಮನೆಯ ಪಕ್ಕದ ಬಯಲಲ್ಲಿ ಪೈಪು ನೆಟ್ಟು, ಭವ್ಯಾ ಬೆವರು ಒರೆಸಿಕೊಂಡು ಜಗಲಿ ಮೇಲೆ ಕೂತಾಗ ಅನ್ನದಾನಮ್ಮ ಮಜ್ಜಿಗೆ ಕೊಟ್ಟು ಕೇಳಿದಳು.

"ಇದು ಏನು ಹೇಳುತ್ತೆ?"

"ಬಿಸಿ ಎಷ್ಟು ಅಂತ ಹೇಳುತ್ತೆ ಅಜ್ಜಿ."

"ಅದಕ್ಕೆ ಬೆಂಗಳೂರಿಂದ ಪೈಪ್ ತರಬೇಕಾ? ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?"

"ನಿಮ್ಮ ಕೆನ್ನೆ ನೆಟ್‌ವರ್ಕಿಗೆ ಸಿಗಾಕಿಲ್ಲ ಅಜ್ಜಿ."

ಅನ್ನದಾನಮ್ಮನಿಗೆ ನಗು ಬಂತು. ಹುಡುಗಿಗೆ ಬಾಯಿ ಇದೆ, ಅಪ್ಪನ ಹಾಗೆ. ಅವಳನ್ನು ಇನ್ನಷ್ಟು ಕೆದಕಿದಳು. ಭವ್ಯಾ ಹುಳದ ಮನೆಯ ಸೂರಿನ ಕಡೆ ಕೈ ತೋರಿಸಿ ಹೇಳಿದಳು. "ನೀವು ಶೀಟಿಗೆ ಸುಣ್ಣ ಬಳೀತೀರಲ್ಲ, ಬಿಸಿಲು ವಾಪಸ್ ಹೋಗ್ಲಿ ಅಂತ? ಇಡೀ ಭೂಮಿಗೇ ಹಂಗೆ ಬಳಿದ್ರೆ ಏನಾಗುತ್ತೆ ಅಂತ ಕೆಲವರು ಯೋಚನೆ ಮಾಡ್ತಾವ್ರೆ. ವಿಮಾನ ಹಾರೋದಕ್ಕಿಂತ ಮೇಲೆ ಹೋಗಿ ಸಣ್ಣ ಧೂಳಿನಂಥದ್ದನ್ನ ಹರಡೋದು. ಸೂರ್ಯನ ಬೆಳಕು ಒಂದಿಷ್ಟು ಅಲ್ಲಿಂದಲೇ ತಿರುಗಿ ಹೋಗುತ್ತೆ, ಭೂಮಿ ತಂಪಾಗುತ್ತೆ."

"ಹಾಕವ್ರಾ?"

"ಇಲ್ಲ ಅಜ್ಜಿ. ನಾವು ಕಂಪ್ಯೂಟರಲ್ಲಿ ಮಾತ್ರ ಹಾಕಿ ನೋಡೋದು. ಭೂಮೀನ ಚೌಕ ಚೌಕ ಮಾಡ್ತೀವಿ. ಎಷ್ಟು ಧೂಳು ಹಾಕಿದ್ರೆ ಯಾವ ಚೌಕ ಎಷ್ಟು ತಂಪಾಗುತ್ತೆ, ಮಳೆ ಎಲ್ಲಿ ಕಮ್ಮಿ ಆಗುತ್ತೆ, ಅದೇ ನನ್ ಕೆಲಸ. ಈ ಚೌಕದ ನಿಜವಾದ ಬಿಸಿ ಎಷ್ಟು ಅಂತ ಗೊತ್ತಿಲ್ದಿದ್ರೆ ನಮ್ಮ ಲೆಕ್ಕ ಸರಿಯೋ ತಪ್ಪೋ ತಿಳಿಯಾಕಿಲ್ಲ. ಅದಕ್ಕೇ ಈ ಡಬ್ಬ."

"ಒಂದು ಸಲ ಬಳಿದ್ರೆ ಎಷ್ಟು ವರ್ಷ ಬರುತ್ತೆ?"

ಭವ್ಯಾ ಮಜ್ಜಿಗೆ ಲೋಟ ಕೆಳಗಿಟ್ಟಳು. ಇದನ್ನು ಬೆಂಗಳೂರಿನ ಸೆಮಿನಾರಿನಲ್ಲಿ ಯಾರೂ ಇಷ್ಟು ಬೇಗ ಕೇಳಿರಲಿಲ್ಲ. "ಒಂದೆರಡು ವರ್ಷದಾಗೆ ಧೂಳು ಕೆಳಗಿಳಿದು ಹೋಗುತ್ತೆ. ಬಳೀತಾನೇ ಇರಬೇಕು. ಕೆಳಗೆ ಹೊಗೆ ಉಗುಳೋದು ನಿಲ್ಲದೆ, ಮೇಲೆ ಬಳಿಯೋದು ಮಾತ್ರ ನಿಲ್ಲಿಸಿದ್ರೆ, ಅಷ್ಟು ದಿನ ತಡೆದಿದ್ದ ಬಿಸಿಯೆಲ್ಲ ಒಟ್ಟಿಗೇ ಬರುತ್ತೆ."

ಅನ್ನದಾನಮ್ಮ "ಹ್ಞೂಂ" ಅಂದು ಎಲೆಯಡಿಕೆಯನ್ನು ಬಲಗೆನ್ನೆಯ ಮೂಲೆಗೆ ಸರಿಸಿದಳು. ಅವಳು ಹಾಗೆ ಸರಿಸಿದಳೆಂದರೆ ಮಾತನ್ನು ಎತ್ತಿಟ್ಟುಕೊಂಡಳು ಅಂತ ಅರ್ಥ.

ಹೊರಡುವಾಗ ಭವ್ಯಾ ಡಬ್ಬದ ನಂಬರು ಅಜ್ಜಿಯ ಫೋನಿನಲ್ಲಿ ಕಾಣುವ ಹಾಗೆ ಮಾಡಿಕೊಟ್ಟಳು. ನಲವತ್ತು ದಾಟಿದರೆ ಫೋನು ತಾನೇ ಕೂಗುತ್ತದೆ, ಹುಳಕ್ಕೆ ಅನುಕೂಲ ಅಂದಳು. ಆಮೇಲೆ ಒಂದು ಮಾತು ಸೇರಿಸಿದಳು, ಅದೇ ಎಡವಟ್ಟಾಯಿತು. "ಡಬ್ಬದ ಒಳಗಿರೋದಕ್ಕೆ ನೇರ ಬಿಸಿಲು ತಾಕಬಾರದು ಅಂತಾನೇ ಈ ತಟ್ಟೆಗಳು. ಹುಷಾರಾಗಿ ನೋಡ್ಕೊಳ್ಳಿ ಅಜ್ಜಿ."

ಇಪ್ಪತ್ತೈದು ದಿನಕ್ಕೊಮ್ಮೆ ಲಕ್ಷ ಜೀವ ಹುಷಾರಾಗಿ ನೋಡಿಕೊಳ್ಳುವವಳಿಗೆ ಈ ಮಾತು! ಡಬ್ಬ ಅವತ್ತೇ ಅವಳ ಸಂಸಾರಕ್ಕೆ ಸೇರಿತು.

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ ಒಂದೂವರೆಗೆ ಫೋನು ಕೂಗಿತು. ಎಂಥ ಕೂಗು ಅಂದರೆ ಊರ ನಾಯಿಗಳೆಲ್ಲ ಪಾವಗಡದ ಕಡೆ ಓಡಿದವು. ನಲವತ್ತು ಪಾಯಿಂಟ್ ಆರು. ಅನ್ನದಾನಮ್ಮ ಮೊದಲು ಹುಳದ ಮನೆಗೆ ಕೆನ್ನೆ ಒಡ್ಡಿದಳು. ಒಳಗೆ ಇಪ್ಪತ್ತೆಂಟು, ಗೋಣಿಗಳು ತೊಟ್ಟಿಕ್ಕುತ್ತಿದ್ದವು, ಹುಳ ಕಣ್ಣು ಬಿಡದೆ ತಿನ್ನುತ್ತಿದ್ದವು. ಹಾಗಾದರೆ ಅಳುತ್ತಿರುವುದು ಯಾರು? ಹೊರಗೆ ಬಂದು ನೋಡಿದಳು. ಬಯಲಲ್ಲಿ ಡಬ್ಬ ಒಂದೇ ಬಿಸಿಲಲ್ಲಿ ನಿಂತಿತ್ತು.

"ಅಯ್ಯೋ ಶಿವನೇ. ಮೂಕಪ್ಪಾ, ನಿನ್ ಮಗಳ ಡಬ್ಬಕ್ಕೆ ಬಿಸಿ ಹತ್ತೈತೆ ಕಣ್ಲಾ. ಗೋಣಿ ತಗಂಬಾ."

ಇಬ್ಬರೂ ಸೇರಿ ಎರಡು ಗೋಣಿ ಹೊಲಿದು ಡಬ್ಬಕ್ಕೆ ಕುಲಾವಿ ಹಾಕಿದರು, ಚೊಂಬಿನಿಂದ ನೀರು ಹುಯ್ದರು. ಹತ್ತು ನಿಮಿಷದಲ್ಲಿ ಕೂಗು ನಿಂತಿತು. ಫೋನಿನಲ್ಲಿ ನಂಬರು ಇಳಿಯುತ್ತ ಇಳಿಯುತ್ತ ಇಪ್ಪತ್ತೊಂಬತ್ತಕ್ಕೆ ಬಂದು ಕೂತಿತು. ಅನ್ನದಾನಮ್ಮನಿಗೆ ಹುಳ ಜ್ವರದಿಂದ ಎದ್ದಾಗ ಆಗುವಷ್ಟು ಸಮಾಧಾನವಾಯಿತು. ಅವತ್ತಿನಿಂದ ಹುಳದ ಮನೆಯ ಗೋಣಿಗೆ ನೀರು ಹಾಕಿದಾಗೆಲ್ಲ ಡಬ್ಬದ ಕುಲಾವಿಗೂ ಒಂದು ಚೊಂಬು. ಡಬ್ಬವೂ ಮನೆಯೂ ಒಂದೇ ನೀರು ಕುಡಿಯುತ್ತವೆ, ಹಾಗಾಗಿ ಡಬ್ಬ ತಂಪಾಗಿದ್ದರೆ ಮನೆಯೂ ತಂಪು. ಇದು ಅವಳ ಲೆಕ್ಕ. ನೀರು ಇಬ್ಬರಿಗೂ ಸಿಗುವ ತನಕ ಈ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ವಾರ ಕಳೆದ ಮೇಲೆ ಬೆಂಗಳೂರಿನಿಂದ ಭವ್ಯಾಳ ಫೋನು.

"ಅಜ್ಜಿ, ನಮ್ಮೂರಲ್ಲಿ ಮಳೆ ಬಂತಾ?"

"ಮಳೆನಾ? ಮೋಡ ನೋಡಿ ಆರು ತಿಂಗಳಾಯ್ತು. ಮೋಡ ಹೆಂಗಿರುತ್ತೆ ಅಂತ ಮರೆತೋಗೈತೆ."

"ಮತ್ತೆ ಅಷ್ಟು ತಂಪು ತೋರಿಸ್ತಾ ಐತೆ?"

"ನಾನಿರೋವಾಗ ತಂಪಿಲ್ದೆ ಇನ್ನೇನವ್ವ?"

ಭವ್ಯಾ ನಕ್ಕು ಫೋನಿಟ್ಟಳು. ಸುತ್ತ ಹಿಪ್ಪುನೇರಳೆ ತೋಟ ಇರುವುದಕ್ಕೆ ಹೀಗೆ ತಂಪೇನೋ ಅಂತ ಅವಳ ಗುರುಗಳಿಗೆ ಸಂಭ್ರಮವಾಗಿತ್ತಂತೆ. ಸುತ್ತಲೂ ಕೆಂಪು ಇರುವ ನಕ್ಷೆಯಲ್ಲಿ ರತ್ನಗಿರಿ ಒಂದೇ ನೀಲಿ ಚುಕ್ಕೆಯಾಗಿ ಹೊಳೆಯುತ್ತಿತ್ತಂತೆ.

ಅಷ್ಟರಲ್ಲಿ ಮಗಳ ಅತ್ತೆಮನೆ ರಾಯದುರ್ಗದಿಂದ ಕರೆ ಬಂತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಚಂದ್ರಕಲಾಳಿಗೆ ಹೆಣ್ಣುಮಗು ಹುಟ್ಟಿತ್ತು. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಾದದ್ದು. ಆದರೆ ಒಗ್ಗರಣೆ ಹಾಕದ ಮನೆಯಲ್ಲಿ ಬಾಣಂತಿಯನ್ನು ಇಟ್ಟುಕೊಂಡು ಏನು ತಿನ್ನಿಸುವುದು? ಬಾಣಂತನವನ್ನು ಬೀಗಿತಿ ಸರ್ವಮಂಗಳಮ್ಮನೇ ಮಾಡಿದ್ದಳು, ಮಾಡಿದ್ದನ್ನು ದಿನಕ್ಕೆರಡು ಸಲ ಊರಿಗೆಲ್ಲ ಹೇಳಿಯೂ ಇದ್ದಳು. ಈಗ ಶುಕ್ರವಾರ ತೊಟ್ಟಿಲು. ಆ ಹೊತ್ತಿಗೆ ಇಲ್ಲಿ ಹುಳ ನಾಲ್ಕನೇ ಜ್ವರ ಕಳೆದು ಐದು ದಿನ ಆಗಿರುತ್ತದೆ, ಅಲ್ಲಿಂದ ಇನ್ನು ಮೂರು ದಿನಕ್ಕೆ ಹಣ್ಣಾಗಬೇಕು.

"ಅಮ್ಮ, ಈ ಸಲಾನೂ ಹುಳ ಅಂದ್ರೆ ನಾನು ಕೂಸಿಗೆ ನಿನ್ ಹೆಸರು ಹೇಳಾಕಿಲ್ಲ," ಅಂದಳು ಚಂದ್ರಕಲಾ. ದನಿ ನಗುವಿನದ್ದಾಗಿರಲಿಲ್ಲ.

ಅನ್ನದಾನಮ್ಮ ಎರಡು ದಿನ ಒದ್ದಾಡಿದಳು. ಬೇಸಿಗೆಯ ಹುಳ ಬಿಟ್ಟು ಅವಳು ಮಡಕಶಿರದ ಸಂತೆಗೂ ಹೋದವಳಲ್ಲ. ಆದರೆ ಈ ಸಲ ಫೋನಿತ್ತು. ಹೋದಲ್ಲಿಂದಲೇ ಹುಳ ನೋಡಬಹುದು, ಬಿಸಿ ಏರಿದರೆ ಕೂಗುತ್ತದೆ, ಮೂಕಪ್ಪನಿಗೆ ಹೇಳಿದರಾಯಿತು. ಗುರುವಾರ ಬೆಳಿಗ್ಗೆ ಎಡಗೆನ್ನೆಯನ್ನು ಕೊನೆಯ ಸಲ ಬಾಗಿಲಿಗೆ ಒಡ್ಡಿ, ಇಪ್ಪತ್ತೇಳು ಅಂತ ಹೇಳಿ, ಫೋನು ನೋಡಿ, ಬಸ್ಸು ಹತ್ತಿದಳು.

ರಾಯದುರ್ಗದಲ್ಲಿ ಬಿಸಿಲು ನಿಂತು ನೋಡುವ ಹಾಗಿರಲಿಲ್ಲ. ಅಲ್ಲಿನ ಜೀನ್ಸ್ ಪ್ಯಾಂಟು ಹೊಲಿಯುವವರು ಆ ವಾರ ಇಸ್ತ್ರಿ ಪೆಟ್ಟಿಗೆಗೆ ಕರೆಂಟು ಹಾಕಲೇ ಇಲ್ಲ, ಬೀದಿಗೆ ಹಿಡಿದು ತೆಗೆದರೆ ಸಾಕಿತ್ತು.

"ಬರ್ರಿ ಬೀಗಿತೇರ," ಅಂದಳು ಸರ್ವಮಂಗಳಮ್ಮ ಬಾಗಿಲಲ್ಲೇ. "ಹುಳಗಳು ರಜಾ ಕೊಟ್ಟುವೇನ್ರಿ? ನಾವು ಅವಕ್ಕೂ ಒಂದು ಕಾರ್ಡ್ ಹಾಕಬೇಕಾಗಿತ್ತು."

"ಕೊಟ್ಟವಮ್ಮ, ಮೂರು ದಿನ."

"ಯಾಕ ಅಷ್ಟು ಜಾಸ್ತಿ ಕೊಟ್ಟುವು? ಬಾಣಂತನಕ್ಕ ಒಂದು ದಿನಾನೂ ಕೊಟ್ಟಿದ್ದಿಲ್ಲಲ್ರಿ."

ಅನ್ನದಾನಮ್ಮ ಅದನ್ನು ನುಂಗಿಕೊಂಡು ಮೊಮ್ಮಗಳನ್ನು ಎತ್ತಿಕೊಂಡಳು. ಕೂಸಿನ ಹಣೆಗೆ ಎಡಗೆನ್ನೆ ತಾಗಿಸಿದಳು. ಮೂವತ್ತಾರೂವರೆ. ಸರಿಯಾಗಿತ್ತು.

ಶುಕ್ರವಾರ ಹನ್ನೊಂದಕ್ಕೆ ತೊಟ್ಟಿಲು. ಹೆಂಗಸರೆಲ್ಲ ಸೆರಗಲ್ಲಿ ಗಾಳಿ ಬೀಸಿಕೊಳ್ಳುತ್ತ, ರಾಯದುರ್ಗ ನಲವತ್ತಮೂರಂತೆ ಅಂತ ನರಳುತ್ತಿದ್ದರು. ಅನ್ನದಾನಮ್ಮ ಫೋನು ಎತ್ತಿ ಹಿಡಿದಳು.

"ನೋಡ್ರಮ್ಮ, ನಮ್ ರತ್ನಗಿರಿ. ಇಪ್ಪತ್ತೊಂಬತ್ತು."

"ಇಪ್ಪತ್ತೊಂಬತ್ತಾ?" ಫೋನು ಕೈಯಿಂದ ಕೈಗೆ ಹೋಯಿತು. "ಅಲ್ಲೇ ಒಂದು ಬಾಡಿಗಿ ಮನಿ ನೋಡ್ರಿ ನಮಗ," ಅಂದಳು ಒಬ್ಬಳು. ಸರ್ವಮಂಗಳಮ್ಮ ಮಾತ್ರ ಫೋನನ್ನು ಮುಟ್ಟದೆ ಅಂದಳು, "ನಮ್ಮ ಸೂರ್ಯ, ಅವರ ಸೂರ್ಯ ಬ್ಯಾರೆ ಬ್ಯಾರೆ ಇರಬೇಕು ಬಿಡ್ರಿ."

ಆಗಲೇ ನಂಬರು ಮೂವತ್ತೊಂದಾಯಿತು. ಮೂವತ್ತಮೂರಾಯಿತು. ಅನ್ನದಾನಮ್ಮ ಮೂಲೆಗೆ ಹೋಗಿ ಮೂಕಪ್ಪನಿಗೆ ಫೋನು ಮಾಡಿದಳು.

"ಯಾಕ್ಲಾ ಏರ್ತಾ ಐತೆ?"

"ಅಮ್ಮೋರೆ, ಬೆಳಿಗ್ಗೆ ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು. ಬೋರ್ ಇಲ್ಲ. ಲೈನ್‌ಮ್ಯಾನ್ ರೇಪು ಅಂದವ್ರೆ."

ರೇಪು ಅಂದರೆ ತೆಲುಗಿನಲ್ಲಿ ನಾಳೆ. "ನೀರು ಎಷ್ಟೈತೆ?"

"ಎರಡು ಕೊಡ. ಮನೆ ಗೋಣಿಗೆ ಹಾಕ್ಲಾ, ಡಬ್ಬಕ್ಕೆ ಹಾಕ್ಲಾ? ಎಲ್ಲಕ್ಕೂ ಸಾಲಾಕಿಲ್ಲ."

ಅವಳ ಕೈಯಲ್ಲಿ ಇದ್ದದ್ದು ನಂಬರು ಒಂದೇ. ಅದು ಮೂವತ್ತನಾಲ್ಕು ತೋರಿಸುತ್ತಿತ್ತು.

"ಡಬ್ಬಕ್ಕೆ ಹಾಕು," ಅಂದಳು.

ಮೂಕಪ್ಪ ಹಾಕಿದ. ನಂಬರು ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಅನ್ನದಾನಮ್ಮ ಬಂದು ಜೋಗುಳಕ್ಕೆ ದನಿ ಸೇರಿಸಿದಳು. ಗಂಟೆ ಕಳೆದರೆ ಮತ್ತೆ ಮೂವತ್ತಮೂರು, ಮತ್ತೆ ಫೋನು, ಮತ್ತೆ ಚೊಂಬು, ಮತ್ತೆ ಇಪ್ಪತ್ತೊಂಬತ್ತು.

"ಅಮ್ಮೋರೆ," ಅಂದ ಮೂಕಪ್ಪ ಎರಡು ಗಂಟೆಗೆ, "ಒಳಗೆ ಹೋದ್ರೆ ಉಸಿರು ಕಟ್ಟುತ್ತೆ. ಬೆಂಕಿ ಇದ್ದಂಗೈತೆ."

"ಬೀಡಿ ಸೇದಿ ಸುಟ್ಕೊಂಡಿರೋ ಕೆನ್ನೆ ನಿಂದು. ಅದಕ್ಕೇನು ಗೊತ್ತು? ನಂಬರು ಇಪ್ಪತ್ತೊಂಬತ್ತು ಐತೆ. ನಿನಗೇ ಜ್ವರ ಇರಬೇಕು, ನೋಡ್ಕೋ."

ಮೂಕಪ್ಪ ಹಣೆ ಮುಟ್ಟಿ ನೋಡಿಕೊಂಡ. ಅವತ್ತು ಆ ಊರಿನಲ್ಲಿ ಯಾರ ಹಣೆ ಮುಟ್ಟಿದರೂ ಜ್ವರವೇ. ಇರಬಹುದು ಅಂದುಕೊಂಡ.

"ನೀವು ಕೂಸಿಗಿಂತ ಫೋನ್ ಜಾಸ್ತಿ ತೂಗಾಕತ್ತೀರಿ," ಅಂದಳು ಸರ್ವಮಂಗಳಮ್ಮ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚಂದ್ರಕಲಾ ಮುಖ ಆ ಕಡೆ ತಿರುಗಿಸಿಕೊಂಡಳು. ಆದರೂ ಕೂಸಿಗೆ ಅನ್ನಪೂರ್ಣ ಅಂತ ಅಜ್ಜಿಯ ಅರ್ಧ ಹೆಸರು ಇಟ್ಟರು. ಉಳಿದರ್ಧ ಹುಳಕ್ಕೆ ಇರಲಿ ಅಂತ ಬೀಗಿತಿಯ ಮಾತು.

ಶನಿವಾರ ಎರಡು ಬಸ್ಸು ಬದಲಾಯಿಸಿ ಮಡಕಶಿರದಲ್ಲಿ ಇಳಿದಾಗ ಮಧ್ಯಾಹ್ನ ಒಂದು. ಇಳಿದ ಕೂಡಲೇ ಎಡಗೆನ್ನೆ ನಲವತ್ತೆರಡು ಅಂದಿತು. ಅನ್ನದಾನಮ್ಮ ಫೋನು ನೋಡಿದಳು, ಇಪ್ಪತ್ತೊಂಬತ್ತು. ಆಟೋದಲ್ಲಿ ರತ್ನಗಿರಿಯ ಕೋಟೆಬೆಟ್ಟ ಕಾಣುವ ತಿರುವಿಗೆ ಬಂದಾಗಲೂ ಕೆನ್ನೆ ನಲವತ್ತೆರಡೇ ಅಂದಿತು, ಫೋನು ಇಪ್ಪತ್ತೊಂಬತ್ತೇ ಅಂದಿತು. ಊರು ಇನ್ನು ಎರಡು ಫರ್ಲಾಂಗು. ವಯಸ್ಸಾಯಿತು ಅಂದುಕೊಂಡಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ತನ್ನ ಕೆನ್ನೆಗೆ, ನೀನೇ ಸುಳ್ಳು ಅಂದಳು.

ಅಂಗಳದಲ್ಲಿ ಮೂಕಪ್ಪ ಡಬ್ಬದ ಬುಡದಲ್ಲಿ ಖಾಲಿ ಚೊಂಬು ಹಿಡಿದು ಕೂತಿದ್ದ. ಕುಲಾವಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಪೈಪಿನ ಕೆಳಗೆ ನಾಲ್ಕು ಹುಲ್ಲು ಸಹ ಚಿಗುರಿತ್ತು. ಹುಳದ ಮನೆಯ ಗೋಣಿಗಳು ಹಪ್ಪಳವಾಗಿದ್ದವು.

ಅನ್ನದಾನಮ್ಮ ಬಾಗಿಲ ಹೊರಗೇ ನಿಂತಳು. ನಾಲ್ಕನೇ ಜ್ವರ ದಾಟಿದ ಹುಳ ಸೊಪ್ಪು ತಿನ್ನುವ ಸದ್ದು ಅಂಗಳದವರೆಗೂ ಕೇಳಬೇಕು, ಸಣ್ಣ ಮಳೆ ಸುರಿದ ಹಾಗೆ. ಆ ಬೇಸಿಗೆಯಲ್ಲಿ ಊರಿಗೆ ಬರುತ್ತಿದ್ದ ಮಳೆ ಅದೊಂದೇ. ಅದು ನಿಂತಿತ್ತು.

ಕೆನ್ನೆ ಒಡ್ಡಿದಳು. ನಂಬರು ಹೇಳಲಿಲ್ಲ. ಬಾಗಿಲು ತೆಗೆದು ಒಳಗೆ ಹೋದಳು. ಬಾಡಿದ ಸೊಪ್ಪಿನ ಮೇಲೆ ಹುಳ ಉದ್ದುದ್ದಕ್ಕೆ ಬಿದ್ದಿದ್ದವು, ಬಾಯಿಂದ ಹಸಿರು ನೀರು ಬಿಟ್ಟುಕೊಂಡು. ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಅದು ಒದ್ದೆ ದಾರದ ಹಾಗೆ ಬಾಗಿತು. ಮೇಲಿನ ಅಟ್ಟಣೆ, ನಡುವಿನ ಅಟ್ಟಣೆ ಎಲ್ಲ ಹಾಗೇ. ತೀರ ಕೆಳಗೆ, ನೆಲದ ತಂಪಿಗೆ ಹತ್ತಿರ ಇದ್ದ ತಟ್ಟೆಗಳಲ್ಲಿ ಮಾತ್ರ ಒಂದೊಂದು ತಲೆ ಅಲ್ಲಾಡುತ್ತಿತ್ತು.

ಮೂಕಪ್ಪ ಬಾಗಿಲಲ್ಲಿ ನಿಂತು, "ನೀವು ಹೇಳ್ದಂಗೇ ಹಾಕ್ದೆ ಅಮ್ಮೋರೆ. ಕೊನೇ ಚೊಂಬೂ ಅದಕ್ಕೇ ಹಾಕ್ದೆ," ಅಂದ.

"ಹೂಂ. ನಾನೇ ಹೇಳಿದ್ದು."

ಅವಳಿಗೆ ಬೈಯಲು ಯಾರೂ ಸಿಗಲಿಲ್ಲ. ಇಬ್ಬರೂ ಮಂಕರಿ ತುಂಬಿ ತುಂಬಿ ತೋಟದ ಮೂಲೆಯ ಗುಂಡಿಗೆ ಹೊತ್ತರು, ಮೇಲೆ ಸುಣ್ಣ ಚೆಲ್ಲಿದರು. ಉಳಿದ ಹುಳವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟಳು. ಅವು ಕಟ್ಟಿದ ಗೂಡು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ತೆಳು. ಗುಂಡಿಗೆ ಮಣ್ಣೆಳೆಯುವಾಗ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಬೆಳಗಿತು. ಇಪ್ಪತ್ತೊಂಬತ್ತು.

ಮಂಗಳವಾರ ಭವ್ಯಾ ಬಂದಳು, ಅಪ್ಪ ಹೇಳಿದ್ದು ಕೇಳಿ ಓಡಿ ಬಂದಿದ್ದಳು. ಅಂಗಳಕ್ಕೆ ಕಾಲಿಡುವಾಗ ಸುಣ್ಣ ತುಳಿಯಲು ನೋಡಿದಳು. "ಬೇಡ ಬಿಡು, ಒಳಗೇನಿಲ್ಲ," ಅಂದಳು ಅನ್ನದಾನಮ್ಮ. ಒಲೆಯ ಮೇಲೆ ಒಗ್ಗರಣೆ ಚಟಪಟಿಸುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಆ ಮನೆಯಿಂದ ಸಾಸಿವೆ ಸಿಡಿಯುವ ಸದ್ದು ಕೇಳಿದ್ದಕ್ಕೆ ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು.

ಭವ್ಯಾ ಡಬ್ಬದ ಕುಲಾವಿ ನೋಡಿದಳು. ಆಮೇಲೆ ಜಗಲಿ ಮೇಲೆ ಬಂದು ಕುಸಿದಳು.

"ಅಜ್ಜಿ, ಹದಿನಾರು ದಿನದ ಲೆಕ್ಕ ಪೂರಾ ಎಸೀಬೇಕು. ನಮ್ಮ ಸರ್ ಆ ನೀಲಿ ಚುಕ್ಕೆ ಇಟ್ಕೊಂಡು ನಾಲ್ಕು ಪುಟ ಬರೆದವ್ರೆ."

"ನಾನು ಎಲ್ಲಾನೂ ಗುಂಡಿಗೆ ಹಾಕ್ದೆ. ಜಾಗ ಐತೆ, ನಿಮ್ ಸಾರು ಬರೆದಿದ್ದೂ ತಗಂಬಾ."

ಅನ್ನದಾನಮ್ಮನೇ ಮತ್ತೆ ಕೇಳಿದಳು, ಈ ಸಲ ದನಿ ಸಣ್ಣದು ಮಾಡಿ. "ಗೋಣಿ ಹಾಕ್ದೇ ಇದ್ದಿದ್ರೆ ಫೋನ್ ಕೂಗ್ತಿತ್ತು. ಕೂಗಿದ್ರೆ ಉಳೀತಿದ್ವಾ?"

ಭವ್ಯಾ ಸುಳ್ಳು ಹೇಳಬಹುದಿತ್ತು, ಎರಡು ಕಡೆಗೂ. ಹೇಳಲಿಲ್ಲ. "ಗೊತ್ತಿಲ್ಲ ಅಜ್ಜಿ. ಕೂಗಿದ್ರೂ ಕರೆಂಟಿರಲಿಲ್ಲ. ಎರಡು ಕೊಡ ನೀರು ಈ ಮನೆಗೆ ಸಾಯಂಕಾಲದವರೆಗೂ ಬರ್ತಿರಲಿಲ್ಲ."

"ನಿನ್ ಪೆಟ್ಟಿಗೇಲಿ ಸೂರ್ಯನ್ನ ಮಂಕು ಮಾಡ್ತೀಯಲ್ಲ, ಆಗ ಈ ಮನೆ ಎಷ್ಟು ತಂಪಾಗುತ್ತೆ?"

"ಈ ಮನೆ ಅದಕ್ಕೆ ಕಾಣಾಕಿಲ್ಲ. ಚೌಕ ದೊಡ್ಡದು, ನೂರು ಕಿಲೋಮೀಟರಿಗೂ ಜಾಸ್ತಿ. ಇಲ್ಲಿಂದ ರಾಯದುರ್ಗದವರೆಗೂ ಒಂದೇ ಚೌಕ, ಒಂದೇ ನಂಬರು."

"ನನಗೂ ನನ್ ಬೀಗಿತಿಗೂ ಒಂದೇ ನಂಬರಾ?" ಅನ್ನದಾನಮ್ಮನಿಗೆ ಹುಳ ಹೋದದ್ದಕ್ಕಿಂತ ಇದು ಒಂದು ಕ್ಷಣ ಹೆಚ್ಚು ಚುಚ್ಚಿತು. "ಮಳೆ?"

"ಒಂದು ಲೆಕ್ಕದಲ್ಲಿ ಕಮ್ಮಿ ಆಗುತ್ತೆ. ಇನ್ನೊಂದು ಲೆಕ್ಕದಲ್ಲಿ ಆಗಾಕಿಲ್ಲ. ನಮಗೂ ಗೊತ್ತಿಲ್ಲ."

ಮೂಕಪ್ಪ ಡಬ್ಬದ ಕುಲಾವಿ ಬಿಚ್ಚಿ ತಂದು ಮಗಳ ಪಕ್ಕದಲ್ಲಿಟ್ಟ. ಇನ್ನೂ ಒದ್ದೆಯಾಗಿತ್ತು, ಅವನು ಬೆಳಿಗ್ಗೆಯೂ ಅಭ್ಯಾಸಬಲದಿಂದ ಒಂದು ಚೊಂಬು ಹಾಕಿದ್ದ. ಹತ್ತು ನಿಮಿಷ ಆಗಿರಲಿಲ್ಲ, ಅನ್ನದಾನಮ್ಮನ ಫೋನು ಕೂಗತೊಡಗಿತು. ಯಾರೂ ಏಳಲಿಲ್ಲ. ಅದು ಕೂಗಿ ಕೂಗಿ ತಾನೇ ಸುಮ್ಮನಾಯಿತು.

ಭವ್ಯಾ ಗೋಣಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಅಳು ಬರುವುದನ್ನು ನಗುವಾಗಿ ತಿರುಗಿಸಿ ಅಂದಳು, "ಆದ್ರೂ ಅಜ್ಜಿ, ಪ್ರಪಂಚದಾಗೆ ಎಷ್ಟೋ ಕಡೆ ಈ ಡಬ್ಬ ನೆಟ್ಟವ್ರೆ. ಬಿಸಿ ಹೇಳೋ ಡಬ್ಬಕ್ಕೇ ಗೋಣಿ ಹೊದಿಸಿದವರು ನೀವೊಬ್ಬರೇ."

ಅನ್ನದಾನಮ್ಮ ಎಲೆಯಡಿಕೆಯನ್ನು ಬಲಗೆನ್ನೆಯಿಂದ ಈಚೆಗೆ ತಂದು, ಅಂಗಳದ ಅಂಚಿಗೆ ಉಗುಳಿ ಬಂದು ಕೂತಳು.

"ಹೌದು ಕಣವ್ವ, ನಾನು ಡಬ್ಬಕ್ಕೆ ಹೊದಿಸ್ದೆ. ನೀನು ಸೂರ್ಯನಿಗೇ ಹೊದಿಸೋ ಲೆಕ್ಕ ಬರೀತಿದ್ದೀಯ. ನನ್ ಗೋಣಿ ಒಣಗಿದಾಗೆಲ್ಲ ನೀರು ಹಾಕಾಕೆ ನಿಮ್ಮಪ್ಪನಂಥೋನು ಇದ್ದ, ಅಂಥೋನಿದ್ದೂ ಹಿಂಗಾಯ್ತು. ನಿನ್ ಗೋಣಿಗೆ ಯಾರನ್ನ ಇಟ್ಟೀಯ?"